ನೀರು ಸೋಕದ ಜಾಲರಿ
ಮಾಂಸ ಸುಡುವ ಏಳು ಕಬ್ಬಿಣದ ಜಾಲರಿಗಳನ್ನು ತಟ್ಟಿ ನೋಡಿ, “ಕಂಬಿ ತೆಳು, ಕೆಂಡಕ್ಕೆ ಬಾಗ್ತವೆ” ಎಂದು ಕಮ್ಮಾರನಿಗೇ ಪಾಠ ಹೇಳಿದವರು ನಮ್ಮ ಪಕ್ಕದ ಮನೆಗೆ ಬಂದಿದ್ದಾರೆಂದು ನಮ್ಮ ತಾಂದಿಲ್ ಊರಿನ ಮಾಂಸದಂಗಡಿಯಲ್ಲಿ ಕೇಳಿದೆ. ಎಂಟನೆಯದನ್ನು ಆ ಹೊಸ ನೆರೆಯವರು, ದೋನ್ ಎವರಿಸ್ತೋ, ಕುದುರೆ ಕೊಳ್ಳುವವರಂತೆ ಮೂರು ದಿನ ನೋಡಿ ತಂದರು. ಪ್ರತಿ ಭಾನುವಾರ ನೆರೆಯವರಿಗೆಲ್ಲ ಮಾಂಸ ಸುಟ್ಟಾದ ಮೇಲೆ, ಬಿಸಿಯಿರುವಾಗಲೇ ಅದನ್ನು ಅರ್ಧ ಈರುಳ್ಳಿಯಿಂದ ಉಜ್ಜಿ ಕೊಬ್ಬು ಸವರುತ್ತಿದ್ದರು, ನೀರು ಸೋಕಿಸುತ್ತಿರಲಿಲ್ಲ. ಹೀಗೇ ವರ್ಷಗಳು ಕಳೆದ ಮೇಲೆ, ಉಪಕಾರವೆಂದು ನಾನೊಮ್ಮೆ ಸೋಪು ಹಾಕಿ ತೊಳೆದಿಟ್ಟೆ. “ದೋನ್ಯಾ ನೆಲಿದಾ, ಹತ್ತು ವರ್ಷದ ರುಚಿನ ಮೋರಿಗೆ ಬಿಟ್ರಲ್ಲ” ಎಂದು, ‘ದೋನ್ಯಾ’ ಎಂಬ ಮರ್ಯಾದೆಯ ಕರೆ ಬಿಡದೆಯೇ ನನ್ನನ್ನು ಬೈದವರು ಒಂದು ತಿಂಗಳು ಮಾತು ಬಿಟ್ಟರು. ಮಾಂಸ ತಿರುವುವ ಇಕ್ಕಳವನ್ನಂತೂ ಯಾರ ಕೈಗೂ ಕೊಟ್ಟವರಲ್ಲ. ಕಾಯಿಲೆಯಿಂದ ಕೈ ಸೋತ ಭಾನುವಾರ ಅದನ್ನು ನನಗೇ ಕೊಟ್ಟರು. “ಜಾಲರಿ ಇನ್ಮೇಲೆ ನಿಮ್ದು. ತೊಳೆದವರೇ ಕಾಯ್ಲಿ.” ಅಂದು ನಾನೇ ಸುಟ್ಟೆ. ಮಾಂಸ ಸುಟ್ಟವರಿಗೆ ವಾಡಿಕೆಯಂತೆ ಊಟದವರೆಲ್ಲ ಚಪ್ಪಾಳೆ ತಟ್ಟಿದರು; ನಾನು ನಾಚಿ ಕೂತೇ ಇದ್ದೆ. ಅವರು ನನ್ನಲ್ಲಿ ಕಡೆಯದಾಗಿ ಕೇಳಿದ್ದು ಇಷ್ಟೇ: “ಎದ್ದು ನಿಲ್ಲಿ ದೋನ್ಯಾ, ಎಲ್ಲರೂ ನೋಡ್ಲಿ.”