ಮೂರೂರಲ್ಲಿ ಸತ್ತ ರಾಜಪಾರ್ಟು

ನಮ್ಮ ಕಡೆ ನಾಟಕ ಕಂಪನಿ ನಡೆಸುತ್ತಿದ್ದ ಆ ದೊಡ್ಡ ನಟರು ರಂಗದ ಮೇಲೆ, ಸಿಂಹಾಸನದಲ್ಲಿ ಕೂತ ಹಾಗೇ ಪ್ರಾಣ ಬಿಟ್ಟರು ಅಂತ ತರೀಕೆರೆಯವರು ಹೇಳುತ್ತಾರೆ. ಬೀರೂರಿನವರನ್ನು ಕೇಳಿ, ಮುಖದ ಬಣ್ಣ ಕೂಡ ಒರೆಸಿಕೊಳ್ಳದೆ ಸ್ಟೇಷನ್ನಿಗೆ ಬಂದವರು ಕೊನೇ ಬೆಂಚಿನ ಮೇಲೆ ಮಲಗಿದ್ದು ಏಳಲೇ ಇಲ್ಲ ಅನ್ನುತ್ತಾರೆ. ಅಜ್ಜಂಪುರದವರ ಪ್ರಕಾರ ಜ್ವರ ಬಂದು, ಅಲ್ಲಿಯ ಒಂದು ಹೆಂಚಿನ ಮನೆಯ ಒಳಕೋಣೆಯಲ್ಲಿ ತೀರಿಕೊಂಡರು. ಒಬ್ಬ ಮನುಷ್ಯ ಮೂರು ಊರಲ್ಲಿ ಹೇಗೆ ಸಾಯುತ್ತಾನೆ? ಕೇಳಿದಾಗೆಲ್ಲ ಸಿಕ್ಕ ಉತ್ತರ ಒಂದೇ: ಮೂರು ಕಡೆಯೂ ಅವರ ದೆವ್ವ ಇದೆಯಲ್ಲ! ಸಾವಿಗೆ ದೆವ್ವ ಸಾಕ್ಷಿ, ದೆವ್ವಕ್ಕೆ ಸಾವು ಸಾಕ್ಷಿ. ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಸಮಯ ಮುಗಿಯುವ ಮೊದಲೇ ಗಂಟೆ ಬಾರಿಸಿ ಕೂರಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕಡೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಚರ್ಚೆಯಲ್ಲಿ ಗೆದ್ದ ಒಂದೆರಡು ಕಪ್‌ಗಳು ಮನೆಯ ಗೂಡಿನಲ್ಲಿದ್ದವು. ಆ ನಟರನ್ನು ನಾನು ನೋಡಿದವನಲ್ಲ. ಅವರು ಕಂದಪದ್ಯ ಎತ್ತಿದರೆ ಪಕ್ಕದ ಹಳ್ಳಿಗೆ ಕೇಳುತ್ತಿತ್ತು, ಅವರ ಆಟಕ್ಕೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು ಅಂತ ದೊಡ್ಡವರು ಹೇಳಿದ್ದನ್ನು ಕೇಳಿದ್ದೆ, ಅಷ್ಟೇ. ಆ ಮಟ್ಟಿಗೆ ಅದನ್ನು ನಂಬಲು ನನ್ನ ತಕರಾರಿರಲಿಲ್ಲ.

ತಕರಾರು ಇದ್ದದ್ದು ಕಿರೀಟದ ವಿಷಯದಲ್ಲಿ. ದೇವನೂರಿನ ನನ್ನ ಸೋದರಮಾವ ಬೇಸಾಯಗಾರ, ಸುಗ್ಗಿಯಾದ ಮೇಲೆ ಊರ ನಾಟಕದಲ್ಲಿ ರಾಜಪಾರ್ಟು. ನಮ್ಮ ಕಡೆ ಯಾವ ಊರಲ್ಲಿ ಪೌರಾಣಿಕ ನಾಟಕ ಆಡಲಿ, ರಾಜಪಾರ್ಟಿನವನು ಆಟದ ಹಿಂದಿನ ದಿನ ತನ್ನ ಕಿರೀಟವನ್ನು ಅಜ್ಜಂಪುರದ ಆ ಮನೆಗೆ ಒಯ್ಯಬೇಕು. ಒಳಕೋಣೆಯ ಮಣೆಯ ಮೇಲೆ, ಗೋಡೆಗೆ ಮುಖ ಮಾಡಿ ಇಡಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಬಾಗಿಲ ಕಡೆ ತಿರುಗಿದ್ದರೆ ದೊಡ್ಡ ನಟರ ಅಪ್ಪಣೆ ಆಯಿತು ಅಂತ ಲೆಕ್ಕ.

"ತಿರುಗ್ದೇ ಇದ್ರೆ?" ಅಂತ ಮಾವನನ್ನು ಕೇಳಿದೆ.

"ನಾಟಕ ಇಲ್ಲ ಕಣೋ. ಮೈಕ್‌ಸೆಟ್ಟಿನೋನಿಗೆ ಬರಬ್ಯಾಡ ಅಂತೀವಿ."

"ಇಲ್ಲೀವರೆಗೆ ಒಂದ್ಸಲನಾದ್ರೂ ತಿರುಗ್ದೇ ಇದ್ದಿದ್ದುಂಟಾ?"

"ಬಾಯ್ಮುಚ್ಚು. ಬಾ ನನ್ ಜೊತೆ, ನೀನೇ ಕಣ್ಣಾರೆ ನೋಡು. ಆಮ್ಯಾಕೆ ಬೇಕಾದ್ರೆ ಭಾಷಣ ಬಿಗಿ."

ಹೋದೆ. ರೈಲಿನಲ್ಲಿ ಮಾವ ಕಿರೀಟವನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬೀರೂರಿನಲ್ಲಿ ಹತ್ತಿದ ಒಬ್ಬ, "ಏನ್ ಗೌಡ್ರೆ, ಹಲಸಿನಹಣ್ಣಾ?" ಅಂದ. "ರಾಜ್ಯ ಕಣಪ್ಪ, ಸ್ವಲ್ಪ ಅತ್ಲಾಗ್ ಸರ್ಕೋ" ಅಂದರು ಮಾವ. ರಟ್ಟಿನ ಮೇಲೆ ಬೇಗಡೆ ಅಂಟಿಸಿ ಗಾಜಿನ ಮಣಿ ಕೂರಿಸಿದ ಬಾಡಿಗೆ ಕಿರೀಟ ಅದು.

ಆ ಮನೆಯಲ್ಲಿದ್ದ ಹೆಂಗಸನ್ನು ಊರವರು ಕಂಪನಿ ಅಮ್ಮ ಅನ್ನುತ್ತಿದ್ದರು. ಆ ನಟರ ಕಂಪನಿಯಲ್ಲಿ ರಾಣಿಪಾರ್ಟು ಮಾಡಿದವರು. ತಾಳಿ ಕಟ್ಟಿಸಿಕೊಂಡ ಹೆಂಡತಿ ತರೀಕೆರೆಯಲ್ಲಿದ್ದರು, ಈಕೆ ಇಲ್ಲಿ. ನಟರು ಹೋದ ಮೇಲೆ ಈಕೆಯನ್ನು ಮುತ್ತೈದೆ ಅನ್ನುವ ಹಾಗಿರಲಿಲ್ಲ, ವಿಧವೆ ಅನ್ನಲೂ ಬೀದಿಯವರಿಗೆ ಮನಸ್ಸಿರಲಿಲ್ಲ. ಮದುವೆಮನೆಯಿಂದ ಕರೆ ಬರುತ್ತಿರಲಿಲ್ಲ. ಸಾವಿನ ಮನೆಯವರು ಹೇಳಿ ಕಳಿಸುತ್ತಿರಲಿಲ್ಲ. ನಾಟಕದ ಕಾಲದಲ್ಲಿ ಮಾತ್ರ ಸುತ್ತಿನ ಹಳ್ಳಿಗಳ ರಾಜರೆಲ್ಲ ಆ ಬಾಗಿಲಿಗೆ ಬಂದು ತಾಂಬೂಲ ಇಟ್ಟು ಕಾಲಿಗೆ ಬೀಳುತ್ತಿದ್ದರು. ಮಾವನೂ ಬಿದ್ದರು. ಆಗ ಎದುರುಮನೆ ಜಗಲಿಯ ಹೆಂಗಸರು ಎದ್ದು ನಿಂತು ನೋಡುತ್ತಿದ್ದುದನ್ನು ನಾನು ಗಮನಿಸಿದೆ.

ಕಿರೀಟ ಇಟ್ಟು ಮಾವ ಪೇಟೆಗೆ ಹೋದರು. ನಾನು ಪಡಸಾಲೆಯಲ್ಲೇ, ಕೋಣೆಯ ಬಾಗಿಲಿಗೆ ಎದುರಾಗಿ ಕೂತೆ. ಕದ ಅರ್ಧ ತೆರೆದಿತ್ತು. ಕಣ್ಣು ಕೀಳಬಾರದು ಅಂತ ನಿರ್ಧರಿಸಿದ್ದೆ. ಅಷ್ಟೆಲ್ಲ ಎಚ್ಚರ ಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಂಪನಿ ಅಮ್ಮ ಒದ್ದೆ ಬಟ್ಟೆ ಹಿಡಿದು ಒಳಗೆ ಹೋದರು, ನೆಲ ಒರೆಸಿದರು, ಬಿಂದಿಗೆ ಸರಿಸುವ ಹಾಗೆ ಕಿರೀಟವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಕಡೆ ತಿರುಗಿಸಿದರು. ತಲೆ ಎತ್ತಿದಾಗ ನನ್ನ ಕಣ್ಣಿಗೆ ಕಣ್ಣು ಸಿಕ್ಕಿತು. ಅವರಿಗೆ ಗಾಬರಿಯೇನೂ ಆಗಲಿಲ್ಲ.

"ಆಟ ಇಲ್ಲದ ದಿನ ಇಲ್ಲೇ ಇರೋರು. ಗೋಡೆ ನೋಡ್ಕೊಂಡು ಕೂರೋದು ಅವ್ರಿಗೆ ಆಗ್ತಿರ್ಲಿಲ್ಲ ಕಣಪ್ಪ," ಅಂದರು. "ಮಜ್ಜಿಗೆ ಕುಡೀತೀಯಾ?"

ಕುಡಿದೆ. ಇಷ್ಟು ಸಲೀಸಾಗಿ ಗೆದ್ದ ವಾದ ನನ್ನ ಜೀವಮಾನದಲ್ಲಿ ಇನ್ನೊಂದಿಲ್ಲ. ಪ್ರತಿಪಕ್ಷದವರೇ ಸಾಕ್ಷ್ಯ ತಂದು ಕೈಗಿಟ್ಟಿದ್ದರು, ಜೊತೆಗೆ ಮಜ್ಜಿಗೆ.

ಮಾವ ವಾಪಸು ಬಂದು ಬಾಗಿಲಲ್ಲೇ ಕೇಳಿದರು: "ತಿರುಗ್ತಾ?"

"ತಿರುಗ್ತು," ಅಂದೆ. ಅದು ಸುಳ್ಳಲ್ಲ. ಯಾರು ತಿರುಗಿಸಿದರು ಅಂತ ಅವರು ಕೇಳಲಿಲ್ಲ. ಊರಿಗೆ ಹೋಗುವ ರೈಲಿನಲ್ಲಿ ನಿಧಾನವಾಗಿ ಬಿಡಿಸಿ ಹೇಳೋಣ ಅಂತ ನನ್ನ ಲೆಕ್ಕಾಚಾರ.

ನಾವು ಹೊರಡುವಷ್ಟರಲ್ಲಿ ನಟರ ಮಗ ಬಂದರು. ತರೀಕೆರೆ ಹೆಂಡತಿಯ ಮಗ. ಅಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ನಲವತ್ತು ದಾಟಿದವರು. ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು ಮಾವನ ಮೇಲೆ ರೇಗಿದರು.

"ಏನ್ರೀ ಗೌಡ್ರೆ, ವರ್ಷಾ ವರ್ಷಾ ಇದೇನಿದು? ನಾನು ತಪ್ಪದೆ ನಮ್ಮಪ್ಪನ ತಿಥಿ ಮಾಡ್ತೀನಿ. ನೀವೆಲ್ಲ ಇಲ್ಲಿ ಬಂದು ಅವ್ರು ದೆವ್ವ ಆಗಿದಾರೆ ಅಂತ ಡಂಗುರ ಹೊಡೀತೀರ. ಮಗಳಿಗೆ ಗಂಡು ಹುಡುಕ್ತಾ ಇದೀನಿ. ಬಂದೋರೆಲ್ಲ ಏನ್ ಕೇಳ್ತಾರೆ ಗೊತ್ತಾ? ನಿಮ್ಮಪ್ಪಂಗೆ ಮುಕ್ತಿ ಸಿಕ್ಕಿಲ್ವಂತಲ್ಲ, ಅಂತ. ನಾನು ಮಾಡಿದ ಕರ್ಮ ಎಲ್ಲಿಗೆ ಹೋಯ್ತು?"

ಎದುರು ಜಗಲಿ ತುಂಬಿತು. ಮಾವ ಟವಲಿನ ಗಂಟು ಎದೆಗೆ ಅವುಚಿಕೊಂಡು, "ನಾವೇನ್ ಮಾಡಾನ ಸ್ವಾಮಿ, ಕಿರೀಟ ತಿರುಗ್ತೈತೆ" ಅಂದರು.

"ತಿರುಗ್ತೈತಂತೆ! ಯಾರ್ ನೋಡಿದಾರೆ?"

"ಇಗೋ, ನನ್ ಅಕ್ಕನ ಮಗ. ಬೆಳಿಗ್ಗಿಂದ ಇಲ್ಲೇ ಕುಂತವ್ನೆ. ದೇವರನ್ನೂ ನಂಬಲ್ಲ ಇವ್ನು, ಕೇಳಿ ಬೇಕಾದ್ರೆ."

ಮಗ ನನ್ನ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ಓದಿದ ಹುಡುಗ ನೀನು. ಹೇಳಪ್ಪ. ತಾನಾಗೇ ತಿರುಗ್ತಾ, ಇಲ್ಲ ಈಯಮ್ಮ ತಿರುಗಿಸಿದ್ಲಾ? ನಾಕು ಜನದ ಎದುರಿಗೆ ಹೇಳ್ಬಿಡು. ಇವತ್ತಿಗೆ ಮುಗೀತದೆ."

ಅವರು ಹೇಳಿದ್ದು ಸರಿ. ಒಂದು ವಾಕ್ಯ ಸಾಕಿತ್ತು. ನ್ಯಾಯ ಅವರ ಕಡೆ ಇರಲಿಲ್ಲ ಅಂತಲೂ ಅಲ್ಲ. ಅವರ ಮಗಳಿಗೆ ಗಂಡು ಸಿಗಬೇಕಿತ್ತು, ಅವರ ಪಿಂಡಕ್ಕೆ ಬೆಲೆ ಬರಬೇಕಿತ್ತು, ಮೇಲಾಗಿ ಸತ್ಯವೂ ಅದೇ. ಆ ವಾಕ್ಯ ಆಡಿದರೆ ಮಾರನೇ ವರ್ಷದಿಂದ ಈ ಬಾಗಿಲಿಗೆ ಯಾವ ರಾಜನೂ ಬರುವುದಿಲ್ಲ ಅನ್ನುವುದೂ ಅಷ್ಟೇ ಸ್ಪಷ್ಟವಾಗಿತ್ತು. ಕಂಪನಿ ಅಮ್ಮ ಹೊಸ್ತಿಲ ಒಳಗೆ ನಿಂತಿದ್ದರು. ನನಗೆ ಸನ್ನೆ ಮಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನೋಡುತ್ತಿದ್ದದ್ದು ಆ ಮಗನ ಮುಖವನ್ನು. ಆ ಮುಖದಲ್ಲಿ ಏನು ಹುಡುಕುತ್ತಿದ್ದರು ಅಂತ ಊಹಿಸುವುದು ಕಷ್ಟವಿರಲಿಲ್ಲ. ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ನಟರ ಫೋಟೋದಲ್ಲಿದ್ದ ಅದೇ ಅಗಲ ಹಣೆ, ಅದೇ ಗಲ್ಲ.

ಪ್ರಶ್ನೆಗೆ ಉತ್ತರ ಕೊಡುವ ಮೊದಲು ಪ್ರಶ್ನೆ ಸರಿಯಾದದ್ದೇ ಅಂತ ನೋಡಬೇಕು, ಇದು ಚರ್ಚೆಯಲ್ಲಿ ಕಲಿತದ್ದು. ಸತ್ತ ಮೇಲೆ ಅವರು ಎಲ್ಲಿದ್ದಾರೆ ಅಂತ ಮೂರು ಊರಿನವರೂ ಜಗಳ ಆಡಿದ್ದರು. ಅದಕ್ಕೆ ಮುಂಚಿನದನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ.

"ದೆವ್ವದ ಮಾತು ಆಮೇಲೆ ಹೇಳ್ತೀನಿ ಸಾರ್," ಅಂದೆ. "ಬದುಕಿದ್ದಾಗ, ನಾಟಕ ಇಲ್ಲದ ದಿನ, ನಿಮ್ಮಪ್ಪ ಯಾವ ಮನೆಗೆ ಹೋಗ್ತಿದ್ರು?"