ಅಟ್ಟದ ಮೇಲಿನ ನೀಲಿ ಚಿಟ್ಟೆ

‘ಚಿಟ್ಟೆಗೆ ಹುಷಾರಿಲ್ಲ. ಕೂಡಲೇ ಬಾ.’

ಕಳೆದ ವಾರ ಕೊಟ್ಟಿಗೆಹಾರದಿಂದ ನನ್ನ ಅಕ್ಕ ಬರೆದ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ. (ಆ ಚಿಟ್ಟೆ ಸತ್ತು ಹನ್ನೊಂದು ವರ್ಷವಾಗಿದೆ.)

ಹೋಗದಿರಲಾದೀತೇ? ಇದ್ದಿಲ ಗ್ಯಾಸಿನ ಬಸ್ಸು ಏದುತ್ತ ಏದುತ್ತ ಮೂಡಿಗೆರೆ ದಾಟಿತು. ಆಚೆ ಬರೀ ಮಂಜು. ರಸ್ತೆ, ಮರ, ಪಕ್ಕದಲ್ಲಿ ಕೂತವರ ಮುಖ, ಎಲ್ಲವೂ ಯಾರೋ ಅರ್ಧ ಮರೆತ ಹಾಗೆ ಕಾಣುತ್ತಿತ್ತು.

ಭಾವ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆದು ಮುಗಿಸಿದ ಮೇಲೆ ಚಿಟ್ಟೆ ಹಿಡಿಯಲು ಹೊರಡುತ್ತಿದ್ದರು. ಎಸ್ಟೇಟಿನ ಬಿಳಿ ದೊರೆಯಿಂದ ಅಂಟಿಸಿಕೊಂಡ ಹವ್ಯಾಸ. ಒಂಬತ್ತು ಚಿಟ್ಟೆಗಳಿಗೆ ಸೂಜಿ ಚುಚ್ಚಿ, ಗಾಜು ಕೂರಿಸಿ, ಫ್ರೇಮಿನ ಬೆನ್ನಿಗೆ ಕಾಗದ ಮೆತ್ತಿ ಗೋಡೆಗೆ ತೂಗಿದ್ದರು. ಅವರು ತೀರಿಕೊಂಡು ಎರಡು ವರ್ಷ. ಫ್ರೇಮು ಉಳಿದಿದೆ.

‘ಬಂದ್ಯಾ ಮಾರಾಯ? ನೋಡು, ನೀಲಿಯದು ಉದುರ್ತಾ ಇದೆ.’

ನೀಲಿ ಚಿಟ್ಟೆಯ ಕೆಳಗೆ ಚಿಟಿಕೆಯಷ್ಟು ಕಂದು ಪುಡಿ. ಒಡಲೊಳಗೆ ಹುಳ ಸೇರಿದೆ. ಸತ್ತ ಚಿಟ್ಟೆಗೆ ಏನು ಕಾಯಿಲೆ ಬಂದೀತು, ಏನು ಮಾಡಬೇಕೆಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರನ್ನು ಕೇಳಿಕೊಂಡೇ ಹೋಗಿದ್ದೆ. ಫ್ರೇಮು ಬಿಚ್ಚಿ ಹುಳ ತೆಗೆದು, ಮೂಲೆಗೊಂದು ಕರ್ಪೂರದ ಗಂಟು ಇಟ್ಟು, ಸಂದಿಲ್ಲದಂತೆ ಮುಚ್ಚಬೇಕು.

‘ಬಿಚ್ಲೇಬೇಕೇನೋ? ಅವರು ಕೈಯಾರೆ ಮೆತ್ತಿದ್ದು.’

‘ಬಿಚ್ಚದಿದ್ರೆ ಮುಂದಿನ ತಿಂಗಳು ಬರೀ ಸೂಜಿ ಇರುತ್ತೆ, ಅಕ್ಕ.’

ಬಿಚ್ಚಿದೆ. ಬಾಗಿಲಿಂದ ಮಂಜು ತೇಲಿ ಬಂತು. ನೀಲಿ ರೆಕ್ಕೆ ಅಲುಗಿತು.

‘ಬಾಗಿಲು ಹಾಕೋ, ಹಾರಿ ಹೋದೀತು!’

(ಎದ್ದು ಹಾಕಿದೆ. ಪತ್ರಿಕೆಗೆ ಕಂಡದ್ದನ್ನಷ್ಟೇ ಬರೆಯುವ ಕೆಲಸದವನು ನಾನು. ಆದರೂ ಆ ಕ್ಷಣ ನನಗೂ ಅನುಮಾನ ಬಂತು.)

ಮೂರು ಹುಳ ಸಿಕ್ಕವು. ಇಷ್ಟು ಭದ್ರವಾದ ಫ್ರೇಮಿನೊಳಗೆ ಬಂದದ್ದು ಹೇಗೆ? ಬೆನ್ನಿನ ಕಾಗದ ತಿರುಗಿಸಿ ನೋಡಿದೆ. ಒಂದು ಮೂಲೆಯಲ್ಲಿ ಅಂಟು ಒಣಗಿ ಬಿರಿದಿತ್ತು. ಕಾಗದದ ತುಂಬ ಹೊಗೆಯ ಮಸಿ.

‘ಇದನ್ನ ಎಲ್ಲಿಟ್ಟಿದ್ದೆ?’

‘ಮಳೆಗಾಲದಲ್ಲಿ ಬೂಷ್ಟು ಹಿಡೀಬಾರ್ದಲ್ಲ? ಒಲೆ ಮೇಲಿನ ಅಟ್ಟದಲ್ಲಿ, ಏಲಕ್ಕಿ ಪಕ್ಕ. ಎರಡು ಮಳೆಗಾಲವೂ ಅಲ್ಲೇ. ಒಂದು ಚೂರು ಬೂಷ್ಟಿಲ್ಲ ನೋಡು!’

ಅವಳ ಮುಖದಲ್ಲಿ ಹೆಮ್ಮೆ. ಸುಮ್ಮನಿದ್ದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಕೇಳಿದಳು:

‘ಈ ಸಲವೂ ಅಲ್ಲೇ ಇಡ್ಲಾ?’

ಇನ್ನು ಸುಮ್ಮನಿರುವಂತಿರಲಿಲ್ಲ. ಕಾವಿಗೆ ಬಿರಿದ ಜಾಗ ತೋರಿಸಿದೆ. ಹುಳ ನುಗ್ಗಿದ ದಾರಿ ಅದೇ ಎಂದೆ.

ಅಕ್ಕ ಆ ಬಿರುಕಿನ ಮೇಲೆ ಬೆರಳಾಡಿಸಿದಳು. 

‘ಅವರಿಗೆ ಕೆಮ್ಮು ಬಂದಾಗಲೂ ಹೀಗೇ ಮಾಡಿದ್ದೆ ಕಣೋ. ಬೆಚ್ಚಗಿರ್ಲಿ ಅಂತ ಒಲೆ ಪಕ್ಕಾನೇ ಕೂರಿಸ್ತಿದ್ದೆ. ದಿನಾ ಕೆಮ್ಮು ಜಾಸ್ತಿ ಆಗ್ತಿತ್ತು. ಹೊಗೆ ಅಂತ ಒಂದಿನಾನೂ ಅನ್ಲಿಲ್ಲ, ಪುಣ್ಯಾತ್ಮ.’

ಹೊಸ ಕಾಗದ ಮೆತ್ತಿದೆವು. ನೀಲಿಯದರ ಎಡರೆಕ್ಕೆಯ ತುದಿ ಹೋಗಿದೆ, ಉಳಿದದ್ದು ಉಳಿದಿದೆ. ಅಕ್ಕ ಫ್ರೇಮನ್ನು ಅಡುಗೆಮನೆಯಿಂದ ದೂರದ ಗೋಡೆಗೆ ತೂಗಿ, ಒಂದು ಹೆಜ್ಜೆ ಹಿಂದೆ ಸರಿದಳು. ಮತ್ತೊಂದು ಹೆಜ್ಜೆ. ಅಲ್ಲೇ ನಿಂತಳು.

ಒಲೆಯಿಂದ ಎಷ್ಟು ದೂರ ಕೂತರೆ ಬೆಚ್ಚಗೂ ಇರುತ್ತದೆ, ಹೊಗೆಯೂ ತಾಗುವುದಿಲ್ಲ? ನಿಮ್ಮಲ್ಲಿ ಯಾರಾದರೂ ಅಳೆದಿದ್ದೀರಾ?