ಮೊನೆಯಿಲ್ಲದ ಬಾಣದ ಸಣ್ಣತಿಮ್ಮಪ್ಪ

ಜಗಳೂರು ಬಯಲಿನ ಬಿಳಿಚೋಡಿನಲ್ಲಿ ಮಾಘದ ಬೆಳಗು. ರಂಗನಾಥ್ ಅವರ ಶೇಂಗಾ ಹೊಲದ ಬದುವಿನ ಮೇಲೆ ಸಣ್ಣತಿಮ್ಮಪ್ಪ ನಿಂತಿದ್ದಾರೆ. ಎಡಗೈಯಲ್ಲಿ ತಮ್ಮಷ್ಟೇ ಎತ್ತರದ ಬಿದಿರಿನ ಬಿಲ್ಲು. ಬಲ ಅಂಗೈಯನ್ನು ಮುಖದ ಹತ್ತಿರ ತಂದು ನೋಡುತ್ತಾರೆ, ಇಳಿಸುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡುತ್ತಾರೆ. ಅಂಗೈಯ ಗೆರೆ ಕಾಣಿಸುವವರೆಗೆ ಬಾಣ ಹೂಡುವುದಿಲ್ಲ ಎಂಬುದು ಅವರ ಕಟ್ಟುಪಾಡು. ಅರವತ್ಮೂರರ ಕಣ್ಣಿಗೆ ಆ ಗೆರೆ ಈಗೀಗ ತಡವಾಗಿ ಕಾಣುತ್ತದೆ. ಹಂದಿಗಳಿಗೆ ಅಷ್ಟು ಹೊತ್ತು ಹೆಚ್ಚು ಶೇಂಗಾ ಸಿಗುತ್ತದೆ.

ಮೂವತ್ತು ಹೆಜ್ಜೆ ದೂರದಲ್ಲಿ ಏಳು ಕಾಡುಹಂದಿಗಳು ಮೂತಿಯಿಂದ ಸಾಲು ಹೊಡೆಯುತ್ತಿವೆ. ಟ್ರ್ಯಾಕ್ಟರು ಇಷ್ಟು ಅಚ್ಚುಕಟ್ಟಾಗಿ ಉಳುವುದಿಲ್ಲ. ಗೆರೆ ಕಾಣಿಸಿತು. ಮೊದಲ ಬಾಣ ಹೋಗಿ ಒಂದರ ತೊಡೆಗೆ ದಪ್ ಎಂದು ಬಡಿಯಿತು, ಹಂದಿ ಕಿರುಚಿತು, ಹಿಂಡು ಎದ್ದಿತು. ಎರಡನೆಯದಕ್ಕೂ ದಪ್. ಹಿಂಡು ಆಚೆ ಬೇಲಿಯ ಕಡೆಗೆ ತಿರುಗಿತು. ಕೊನೆಯಲ್ಲಿ ಉಳಿದ ದೊಡ್ಡ ಗಂಡಿಗೆ ಮೂರನೆಯ ಬಾಣ ಬಿಟ್ಟರು. ಸುಂಯ್ ಎಂದಿತು. ದಪ್ ಎನ್ನಲಿಲ್ಲ.

ಸಣ್ಣತಿಮ್ಮಪ್ಪ ಬಿಲ್ಲು ಇಳಿಸಿ, ಬದುವಿನ ಮೇಲೆ ಕೂರುತ್ತಾರೆ. "ತಲೆ ಕಳಚೈತೆ," ಎನ್ನುತ್ತಾರೆ. ಯಾರಿಗೂ ಹೇಳಿದ್ದಲ್ಲ.

ತಲೆ ಎಂದರೆ ಬಾಣದ ತಲೆ. ಇವರ ಬಾಣಕ್ಕೆ ಮೊನೆ ಇಲ್ಲ. ಬಂದರಿಕೆ ಗಿಡದ ನೆಟ್ಟನೆಯ ಕಡ್ಡಿ, ಅದರ ತುದಿಗೆ ನಿಂಬೆಹಣ್ಣಿನ ಗಾತ್ರದ ಜಾಲಿ ಮರದ ಗುಂಡು. ಗುಂಡಿನ ಹೊಟ್ಟೆಯಲ್ಲಿ ತೂತು ಕೊರೆದು, ಕಡ್ಡಿಯ ತುದಿಯನ್ನು ಚೂಪಾಗಿ ಕೆತ್ತಿ ಒಳಗೆ ಬಡಿದು ಕೂರಿಸುತ್ತಾರೆ. ಹಂದಿಗೆ ಅದು ಬಿದ್ದರೆ ದೊಣ್ಣೆಪೆಟ್ಟು, ನೋವಾಗುತ್ತದೆ, ಗಾಯವಾಗುವುದಿಲ್ಲ. ಎರಡು ದಿನ ಪೆಟ್ಟು ತಿಂದ ಹಿಂಡು ಹದಿನೈದು ದಿನ ಆ ಹೊಲದ ಸುದ್ದಿಗೆ ಬರುವುದಿಲ್ಲ. ಆದರೆ ತಲೆ ಕಳಚಿ ಬಿದ್ದರೆ ಹಾರುವುದು ಚೂಪಾದ ಬರೀ ಕಡ್ಡಿ. ಹಗುರವಾದ್ದರಿಂದ ಇನ್ನಷ್ಟು ದೂರ ಹಾರುತ್ತದೆ. ಹೊಲ ಕಾಯಲು ತೊಡಗಿದ ಮೂವತ್ತೊಂದು ವರ್ಷದಲ್ಲಿ ಇವರ ಬಾಣಕ್ಕೆ ರಕ್ತ ಹತ್ತಿಲ್ಲ. ಈಗ ಹತ್ತಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ.

ಎದ್ದು ಹೋಗಿ ನೋಡಬಹುದಲ್ಲ ಎಂದರೆ, ನೋಡುವಂತಿಲ್ಲ. ಗಾಯದ ಹಂದಿ ಬಹಳ ದೂರ ಓಡುವುದಿಲ್ಲ. ಸ್ವಲ್ಪ ಹೋಗಿ, ಪೊದೆಯಲ್ಲಿ ಹಿಂದಿರುಗಿ, ತಾನು ಬಂದ ದಾರಿಗೇ ಮುಖ ಮಾಡಿ ಮಲಗುತ್ತದೆ. ಬಾಣ ಬಿಟ್ಟ ಮೇಲೆ ಹೊತ್ತು ಒಂದಾಳೆತ್ತರ ಏರುವವರೆಗೆ ಕೂರಬೇಕು ಎಂಬುದು ಈ ಮನೆತನದ ಎರಡನೆಯ ಕಟ್ಟುಪಾಡು. ಅದನ್ನು ಕಲಿಸಿದ್ದು ತಂದೆಯ ಕಾಲು.

ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಕಬ್ಬಿಣದ ಮೊನೆಯ ಬಾಣದವರು. ಬೇಟೆಯಾಡುವುದು ಕಾನೂನಿನ ಪ್ರಕಾರ ಅಪರಾಧವಾದದ್ದು ಅವರಿಗೆ ತಡವಾಗಿ ತಿಳಿಯಿತು. ಹಂದಿಗಳಿಗೆ ಅದಕ್ಕಿಂತ ಬೇಗ ತಿಳಿದಿರಬೇಕು. ಸಣ್ಣತಿಮ್ಮಪ್ಪನವರಿಗೆ ಹದಿನಾರು ವರ್ಷವಾಗಿದ್ದಾಗ ಚನ್ನಗಿರಿ ಕಡೆಯ ಒಂದು ಗುಡ್ಡದಲ್ಲಿ ಅಪ್ಪ ಹೊಡೆದ ಹಂದಿ ಪೊದೆಯೊಳಕ್ಕೆ ನುಗ್ಗಿತು. ಹೊತ್ತು ಏರುವವರೆಗೆ ಕೂರುವ ತಾಳ್ಮೆ ಅಪ್ಪನಿಗಿರಲಿಲ್ಲ.

"ಪೊದೆ ಅಲ್ಲಾಡ್ಲಿಲ್ಲ, ಎಲೆ ಸೈತ ಅಲ್ಲಾಡ್ಲಿಲ್ಲ," ಎಂದು ಸಣ್ಣತಿಮ್ಮಪ್ಪ ನೆನೆಯುತ್ತಾರೆ. "ಅಪ್ಪ ಬಗ್ಗಿ ನೋಡ್ದ. ಆಮೇಲೆ ನಾ ನೋಡಿದ್ದು ಅಪ್ಪನ ತೊಡೆ. ಒಳಗಿನ ಎಲುಬು ಬೆಳ್ಳಗೆ ಕಾಣ್ತಿತ್ತು. ಹಂದಿ ಕೋರೆ ಐತಲ್ಲ, ಅದು ಚುಚ್ಚಲ್ಲ ರೀ, ಬಗೀತೈತೆ."

ಅಪ್ಪ ಬದುಕಿದರು, ಇಪ್ಪತ್ತೆರಡು ವರ್ಷ ಕುಂಟುತ್ತ ಬದುಕಿದರು. ಮಗ ಕಬ್ಬಿಣದ ಮೊನೆಗಳನ್ನೆಲ್ಲ ಕಮ್ಮಾರನಿಗೆ ಕೊಟ್ಟು ಒಂದು ಕುಡುಗೋಲು ಮಾಡಿಸಿಕೊಂಡರು. ಬಿಲ್ಲು ಬಿಡಲು ಮಾತ್ರ ಮನಸ್ಸಾಗಲಿಲ್ಲ. ಹೊಲಕ್ಕೆ ಹಂದಿ ಬೀಳುವುದು ನಿಂತಿರಲಿಲ್ಲವಾದ್ದರಿಂದ ಬಿಲ್ಲಿಗೂ ಕೆಲಸ ತಪ್ಪಲಿಲ್ಲ. ಅರಣ್ಯ ಇಲಾಖೆಯ ಗಾರ್ಡೊಬ್ಬರು ಒಮ್ಮೆ ಈ ಬಾಣದ ತಲೆಯನ್ನು ಹಿಡಿದು, ತಮ್ಮ ಅಂಗೈಗೇ ಬಡಿದು ನೋಡಿ, "ಓಡ್ಸು, ಬೇಡ ಅನ್ನಲ್ಲ. ರಕ್ತ ಕಂಡ ದಿವ್ಸ ಮಾತ್ರ ನಾನು ನಿನ್ನ ಓಡಿಸ್ಬೇಕಾಗ್ತೈತೆ," ಎಂದಿದ್ದರಂತೆ. ಅಲ್ಲಿಂದ ಸಣ್ಣತಿಮ್ಮಪ್ಪನವರಿಗೆ ಹಂದಿಯ ಭಯದ ಜೊತೆಗೆ ಹಂದಿಗೆ ಏನಾದರೂ ಆದೀತೆಂಬ ಭಯವೂ ಸೇರಿಕೊಂಡಿದೆ.

ಅವರ ಹೆಂಡತಿ ಕೆಂಪಕ್ಕನವರು ಈ ಭಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದಾರೆ. "ಹಂದಿ ಅಂದ್ರೆ ಭಯ, ಕತ್ಲು ಅಂದ್ರೆ ಭಯ, ಗಾರ್ಡು ಅಂದ್ರೆ ಭಯ. ಇವ್ರಿಗೆ ಭಯ ಇಲ್ದಿರೋದು ನಂದೊಂದೇ."

ವರ್ಷದ ಎಂಟು ತಿಂಗಳು ಇವರು ಬೆಳೆಯ ಹಿಂದೆ ತಿರುಗುತ್ತಾರೆ. ಮಳೆಗಾಲದಲ್ಲಿ ಮೆಕ್ಕೆಜೋಳದ ಕಾಳಿಗೆ ಹಾಲು ತುಂಬುವಾಗ ಚನ್ನಗಿರಿ, ನ್ಯಾಮತಿ. ಭತ್ತ ಬಾಗುವಾಗ ಹೊನ್ನಾಳಿಯ ಹೊಳೆದಂಡೆ. ಚಳಿ ಕಳೆಯುವಾಗ ಜಗಳೂರಿನ ಬಯಲು. ದಿನಕ್ಕೆ ಎಂಟೊಂಬತ್ತು ಕಿಲೋಮೀಟರು ನಡಿಗೆ, ಹನ್ನೆರಡು ಬಾಣ, ಎರಡು ಬಿಲ್ಲು. ಎರಡು ಯಾಕೆಂದರೆ ನಾಲ್ಕು ತಾಲ್ಲೂಕಿನ ಗಾಳಿಗೆ ಒಂದೇ ಬಿಲ್ಲು ಒಗ್ಗುವುದಿಲ್ಲ. ಮಳೆಸೀಮೆಯಲ್ಲಿ ಬಿದಿರು ತೇವ ಕುಡಿದು ಸೋಮಾರಿಯಾಗುತ್ತದೆ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುವುದಿಲ್ಲ. ಆ ಬಿಲ್ಲನ್ನು ಒಲೆಯ ಹೊಗೆಯ ಮೇಲೆ ಕಟ್ಟಿಡಬೇಕು. ಹೊಳೆದಂಡೆಯ ಮಂಜಿನಲ್ಲಿ ಬಾಣದ ಕಡ್ಡಿ ಸೊಟ್ಟಗಾಗುತ್ತದೆ; ದಿನಾ ಬೆಳಿಗ್ಗೆ ಕೆಂಡದ ಮೇಲೆ ಹಿಡಿದು ನೆಟ್ಟಗೆ ಮಾಡಬೇಕು. ಬಯಲುಸೀಮೆಯಲ್ಲಿ ಇದರ ತದ್ವಿರುದ್ಧ. ಒಣಗಾಳಿಗೆ ಬಿಲ್ಲು ಹುರಿಗಾಳಿನಂತಾಗಿ, ಎಳೆದಾಗ ಸಿಡಿದು ಕಣ್ಣಿಗೇ ಬರುತ್ತದೆ. ಅದಕ್ಕೆ ಹೊಂಗೆ ಎಣ್ಣೆ ತಿಕ್ಕಿ, ಒದ್ದೆ ಗೋಣಿಚೀಲ ಹೊದಿಸಿ ಮಲಗಿಸುತ್ತಾರೆ.

"ಬಾಣಂತಿ ನೋಡ್ಕೊಂಡಂಗೆ ನೋಡ್ಕೊಂತಾರೆ," ಎನ್ನುವುದು ಕೆಂಪಕ್ಕ. "ನನ್ನ ಬಾಣಂತನದಾಗೆ ಒಂದು ಗೋಣಿಚೀಲನೂ ಹೊದ್ಸಲಿಲ್ಲ."

ಈ ಹಂದಿ ಓಡಿಸುವ ವಿದ್ಯೆಗೆ ಪ್ರತಿಸ್ಪರ್ಧಿಗಳಿಲ್ಲವೆಂದಲ್ಲ. ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯ ರೈತ ಮರುಳಪ್ಪನವರು ಒಂದು ವರ್ಷ ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದರು, ಮರುವರ್ಷ ಸ್ಪೀಕರಿನಲ್ಲಿ ನಾಯಿ ಬೊಗಳಿಸಿದರು. "ಮೊದ್ಲು ನಾಕು ದಿನ ಹೆದ್ರಿದ್ವು. ಐದ್ನೇ ದಿನ ಸ್ಪೀಕರ್ ಬುಡದಾಗೇ ಮಲಗಿದ್ವು," ಎಂದು ಮರುಳಪ್ಪ ಒಪ್ಪಿಕೊಳ್ಳುತ್ತಾರೆ. "ತಿಮ್ಮಪ್ಪಂದು ಹಂಗಲ್ಲ. ಪೆಟ್ಟು ಬೀಳ್ತೈತೆ, ಎಲ್ಲಿಂದ ಬಿತ್ತು ಅಂತ ತಿಳಿಯಲ್ಲ. ಹಂದಿಗೆ ದೇವ್ರು ಕಂಡಂಗಾಗ್ತೈತೆ."

ಇಂದಿನ ಎಡವಟ್ಟು ಹುಟ್ಟಿದ್ದು ಆ ಗೋವಿನಕೋವಿಯಲ್ಲೇ. ಈಗ ಚೀಲದಲ್ಲಿರುವ ಬಾಣಗಳಿಗೆ ತಲೆ ಕೂರಿಸಿದ್ದು ಅಲ್ಲಿ, ಸೋನೆ ಹಿಡಿದ ದಿನಗಳಲ್ಲಿ. ಕಡ್ಡಿ ನೀರು ಕುಡಿದು ಉಬ್ಬಿತ್ತು, ಬಿಗಿಯಾಗಿ ಕೂತಿತ್ತು. ಬಯಲಿಗೆ ಬಂದಾಗ ಕಡ್ಡಿ ಬಡಕಲಾಗುತ್ತದೆ, ತಲೆ ಸಡಿಲವಾಗುತ್ತದೆ. ಅದಕ್ಕೇ ಬಯಲಿಗೆ ಬಂದ ಮೇಲೆ ಬಾಣಗಳನ್ನು ಮೂರು ದಿನ ಗಾಳಿಗೆ ಹರವಿ, ಒಣಗಿಸಿ, ತಲೆ ಕಿತ್ತು ಹೊಸದಾಗಿ ಬಡಿದು ಕೂರಿಸಬೇಕು. ಅದು ಮೂರನೆಯ ಕಟ್ಟುಪಾಡು. ನಿನ್ನೆ ಸಂಜೆ ಗಂಡಹೆಂಡತಿ ಬಸ್ಸಿಳಿದಾಗ ರಂಗನಾಥ್ ಅಲ್ಲಿಯೇ ಕಾದಿದ್ದರು. "ಅಣ್ಣಾ, ಮೂರು ದಿನ ಬಿಟ್ರೆ ನಾ ಶೇಂಗಾ ಅಲ್ಲ, ಬರೀ ಮಣ್ಣು ಕೀಳ್ಬೇಕು," ಎಂದರು. ಸಣ್ಣತಿಮ್ಮಪ್ಪ ಹನ್ನೆರಡೂ ತಲೆ ಅಲ್ಲಾಡಿಸಿ ನೋಡಿದರು. ಬಿಗಿಯಾಗಿಯೇ ಇದ್ದಂತಿತ್ತು. ಇರುಳ ಒಣಗಾಳಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬದುವಿನ ಮೇಲೆ ಕೂತು ಸೂರ್ಯನನ್ನೇ ನೋಡುತ್ತಿದ್ದಾರೆ. ಸೂರ್ಯನಿಗೆ ಇವತ್ತು ಯಾವ ಅವಸರವೂ ಇದ್ದಂತಿಲ್ಲ. ಆಗ ಆಚೆ ಬೇಲಿಯ ಹಿಂದೆ ಒಂದು ಕುರಿ ಕೆಮ್ಮುತ್ತದೆ.

ಸಣ್ಣತಿಮ್ಮಪ್ಪ ಕಿವಿ ನಿಮಿರಿಸುತ್ತಾರೆ. ಕುರಿ ಇದೆಯೆಂದರೆ ಮಂದೆ ಇದೆ. ಮಂದೆ ಇದೆಯೆಂದರೆ ಅದರ ಪಕ್ಕದಲ್ಲಿ ಮನುಷ್ಯ ಮಲಗಿರುತ್ತಾನೆ. ಹೊಲಕ್ಕೆ ಇಳಿಯುವ ಮುನ್ನ ಸಂಜೆ ಸುತ್ತಲೂ ನಡೆದು ಯಾರು ಎಲ್ಲಿ ಮಲಗುತ್ತಾರೆಂದು ಕೇಳಿಕೊಂಡು ಬರುವವರು ಅವರು. ನಿನ್ನೆ ಬಸ್ಸು ತಡವಾಯಿತು, ಕೇಳಲಿಲ್ಲ.

"ಯಾರ್ರೀ ಅಲ್ಲಿ?" ಎಂದು ಕೂಗುತ್ತಾರೆ. ಕುರಿ ಇನ್ನೊಮ್ಮೆ ಕೆಮ್ಮುತ್ತದೆ. ಮನುಷ್ಯರ ದನಿ ಬರುವುದಿಲ್ಲ. ದೂರದ ಗುಡ್ಡದ ಕಡೆ ನಾಯಿಗಳು ಬೊಗಳುತ್ತಿವೆ. ಮಂದೆಯ ನಾಯಿಗಳೇ, ಹಂದಿಯ ಹಿಂದೆ ಹೋಗಿವೆ. "ಯಾರ್ರೀ? ಮಾತಾಡ್ರೀ." ಇಲ್ಲ.

ಹೊತ್ತು ಇನ್ನೂ ಮೊಳದೆತ್ತರವೂ ಏರಿಲ್ಲ. ಕೂತರೆ ಅಲ್ಲಿ ಬಿದ್ದಿರುವ ಮನುಷ್ಯನ ಗತಿಯೇನೋ. ಎದ್ದರೆ, ದಾರಿಯಲ್ಲಿ ಗಾಯದ ಹಂದಿ ಮಲಗಿದ್ದರೆ ತನ್ನ ಗತಿಯೇನೋ. ಸಣ್ಣತಿಮ್ಮಪ್ಪ ಏಳುತ್ತಾರೆ. ನಲವತ್ತೇಳು ವರ್ಷ ಮುರಿಯದ ಕಟ್ಟುಪಾಡು ಮುರಿದು, ಬಿಲ್ಲನ್ನು ಬದುವಿನ ಮೇಲೆಯೇ ಬಿಟ್ಟು, ಬರಿಗೈಯಲ್ಲಿ ಹೊಲಕ್ಕೆ ಇಳಿಯುತ್ತಾರೆ.

ಒಂದು ಹೆಜ್ಜೆ, ನಿಲ್ಲುವುದು, ಮೂಗರಳಿಸುವುದು. ಇನ್ನೊಂದು ಹೆಜ್ಜೆ. ಇಪ್ಪತ್ತನೆಯ ಹೆಜ್ಜೆಯಲ್ಲಿ ಬಾಣದ ತಲೆ ಸಿಗುತ್ತದೆ, ಬಳ್ಳಿಯ ನಡುವೆ ತಾನೇನೂ ಮಾಡಿಲ್ಲವೆಂಬಂತೆ ಬಿದ್ದಿದೆ. ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ನೆಲದಲ್ಲಿ ಗೊರಸಿನ ಗುರುತು, ಎಲೆಯ ಮೇಲೆ ಇಬ್ಬನಿ. ಒಂದೊಂದು ಎಲೆಯನ್ನೂ ಬಗ್ಗಿ ನೋಡುತ್ತಾರೆ, ಕೆಂಪು ಕಾಣುವುದಿಲ್ಲ. ಹಂದಿಗೆ ತಗುಲಿಲ್ಲ. ಈ ಸಮಾಧಾನ ಅವರಿಗೆ ಅರೆಗಳಿಗೆಯೂ ಇರುವುದಿಲ್ಲ. ಹಂದಿಗೆ ತಗುಲದ ಬಾಣ ಮುಂದೆ ಹೋಗಿದೆ, ಬೇಲಿಯ ಕಡೆಗೆ.

ಕತ್ತಾಳೆ ಬೇಲಿಯ ಸಂದಿಯಲ್ಲಿ ನುಸುಳಿದರೆ ಪಾಳು ಹೊಲ. ಬಲೆಯ ಆವರಣದೊಳಗೆ ಕುರಿಗಳು ಒಂದು ಮೂಲೆಗೆ ಒತ್ತಿಕೊಂಡು ನಿಂತಿವೆ. ಆವರಣದ ಪಕ್ಕ ಕರಿ ಕಂಬಳಿ ಹೊದ್ದು, ತಲೆಯಿಂದ ಕಾಲವರೆಗೆ ಮುಚ್ಚಿಕೊಂಡು ಒಬ್ಬ ಮನುಷ್ಯ ಮಲಗಿದ್ದಾನೆ. ಅಲ್ಲಾಡುವುದಿಲ್ಲ. ಕಂಬಳಿಯ ಅಂಚಿನಲ್ಲಿ, ತಲೆಯ ಪಕ್ಕಕ್ಕೇ, ಬಾಣ ನೆಟ್ಟಗೆ ನಿಂತಿದೆ.

ಸಣ್ಣತಿಮ್ಮಪ್ಪ ಮೊಣಕಾಲೂರಿ ಬಾಣ ಕೀಳುತ್ತಾರೆ. ತುದಿ ಕೆಂಪಗಿದೆ.

ಈ ಸೀಮೆಯ ಮಣ್ಣೂ ಕೆಂಪು. ಕಣ್ಣಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ತುದಿಯನ್ನು ನಾಲಿಗೆಗೆ ಮುಟ್ಟಿಸುತ್ತಾರೆ.

"ಹೋತೇನು?" ಎಂದು ಕಂಬಳಿಯ ಒಳಗಿನಿಂದ ಪಿಸುದನಿ ಕೇಳುತ್ತದೆ.

"ಏನು?"

"ಹಂದಿ."

ಕಂಬಳಿ ಸರಿಸಿ ಮುಖ ತೋರಿಸಿದವರು ಕುರಿಗಾರ ಬೀರಲಿಂಗಪ್ಪ, ಇದೇ ಊರಿನವರು, ಬಾಲ್ಯದಿಂದ ಪರಿಚಿತರು. ಕೂಗಿದಾಗ ಯಾಕೆ ಓಗೊಡಲಿಲ್ಲ ಎಂಬುದನ್ನು ಅವರು ವಿವರಿಸುವುದು ಹೀಗೆ: "ಹಂದಿ ಹಿಂಡು ತಲೆ ಪಕ್ಕದಾಗೇ ಹೋತು. ಅದರ ಹಿಂದೇನೇ ಕಂಬಳಿ ಗಕ್ಕಂತ ಜಗ್ತು. ಎಳ್ಕಂಡ್ರೆ ಬರಲ್ಲ. ದೊಡ್ಡ ಹಂದಿ ಅಂಚು ಕಚ್ಕಂಡು ಮ್ಯಾಲೇ ನಿಂತೈತೆ ಅಂದ್ಕಂಡೆ. ನೀನು ಕೂಗ್ತಿ, ನಾನು ಉಸ್ರು ಬಿಡಂಗಿಲ್ಲ. ಉಸ್ರು ಬಿಟ್ರೆ ತಿವೀತೈತೆ. ಅರ್ಧ ಗಂಟೆ ಸತ್ತಂಗೆ ಬಿದ್ದೀನಿ ಮಾರಾಯ. ನೀನಾ ನನ್ನ ಹಂದಿ?"

ಸಣ್ಣತಿಮ್ಮಪ್ಪ ಬೀರಲಿಂಗಪ್ಪನವರ ಕಿವಿ, ಕೆನ್ನೆ, ಕುತ್ತಿಗೆಯನ್ನು ಎರಡೂ ಕೈಯಿಂದ ಮುಟ್ಟಿ ನೋಡುತ್ತಾರೆ.

"ಬಿಡೋ, ಕುರಿ ಕೊಳ್ಳೋನಂಗೆ ಮುಟ್ಟಿ ನೋಡ್ತಿಯಲ್ಲ. ನಾನು ಮಾರಾಟಕ್ಕಿಲ್ಲ."

ಅಷ್ಟು ಹೊತ್ತಿಗೆ ಕೆಂಪಕ್ಕ ಮತ್ತು ರಂಗನಾಥ್ ಬರುತ್ತಾರೆ. ಕೆಂಪಕ್ಕ ಕಂಬಳಿಯ ತೂತಿಗೆ ಬೆರಳು ತೂರಿಸಿ, ಅಲ್ಲಿಂದ ತಲೆಯಿದ್ದ ಜಾಗಕ್ಕೆ ಗೇಣು ಹಾಕುತ್ತಾರೆ. ಒಂದು ಗೇಣು, ಮೇಲೆ ಎರಡು ಬೆರಳು. ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ, ಹೊಲಿಯಲು.

ರಂಗನಾಥ್ ಅವರದು ಬೇರೆ ಚಿಂತೆ. "ಯಾರಿಗೂ ಏನೂ ಆಗ್ಲಿಲ್ವಲ್ಲ ಅಣ್ಣ. ನಾಳೆ ಒಂದಿನ ಹುಷಾರಾಗಿ ಹೊಡುದ್ರೆ..."

"ಮೂರು ದಿನ," ಎನ್ನುತ್ತಾರೆ ಸಣ್ಣತಿಮ್ಮಪ್ಪ.

"ಶೇಂಗಾ ಹೋಗ್ತೈತೆ."

"ಹೋಗ್ಲಿ. ಮೂರು ದಿನ ನಾನೂ ನೀನೂ ತಗಡು ಬಡೀತಾ ಕೂರಾನ. ಬಾಣ ಮುಟ್ಟಲ್ಲ."

ಹಗಲು ಹತ್ತು ಗಂಟೆಗೆ ಹನ್ನೆರಡು ಬಾಣಗಳೂ ರಂಗನಾಥ್ ಅವರ ಕಣದಲ್ಲಿ ಗಾಳಿಗೆ ಮೈಯೊಡ್ಡಿ ಮಲಗಿವೆ. ತಲೆಗಳನ್ನೆಲ್ಲ ಕಿತ್ತು ಒಂದು ತಟ್ಟೆಯಲ್ಲಿ ಇಡಲಾಗಿದೆ. ನೋಡುವುದಕ್ಕೆ ಯಾರೋ ಅಡುಗೆಗೆಂದು ತೆಗೆದಿಟ್ಟ ಸಣ್ಣ ಬದನೆಕಾಯಿಗಳಂತಿವೆ. ಸಣ್ಣತಿಮ್ಮಪ್ಪ ಚಹಾದ ಲೋಟವನ್ನು ಎರಡು ಕೈಯಲ್ಲಿ ಹಿಡಿದಿದ್ದಾರೆ. ಬೀರಲಿಂಗಪ್ಪ ಎದುರಿಗೇ ಕೂತು, ಕಂಬಳಿ ಹೊಲಿದು ಮುಗಿಯುವವರೆಗೆ ಏಳುವುದಿಲ್ಲವೆಂದು ಹಟ ಹಿಡಿದಿದ್ದಾರೆ.

"ಇಷ್ಟು ಹೆದ್ರೋನು ಬಿಲ್ಲು ಯಾಕೆ ಹಿಡೀತಿಯೋ?" ಎಂದು ಅವರು ಕೆಣಕುತ್ತಾರೆ. "ನಿಮ್ಮಪ್ಪ ಹೆಂಗಿದ್ದ. ಹುಲಿಯಂಗಿದ್ದ."

"ಅದ್ಕೇ ಕುಂಟಿದ," ಎನ್ನುತ್ತಾರೆ ಸಣ್ಣತಿಮ್ಮಪ್ಪ. ಲೋಟ ಕೆಳಗಿಟ್ಟು, ಇವತ್ತು ದಾರಿ ತಪ್ಪಿದ ಕಡ್ಡಿಯನ್ನು ಉಳಿದವುಗಳ ಸಾಲಿನಿಂದ ಎತ್ತಿಕೊಂಡು ಅದರ ತುದಿಯನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. ಮುಂದಿನ ಮಾತು ಬೀರಲಿಂಗಪ್ಪನವರಿಗೋ ಬಾಣಕ್ಕೋ ಹೇಳುವುದು ಕಷ್ಟ.

"ಇದರ ರುಚಿ ಇವತ್ತು ನೋಡ್ದೆ. ಬರೀ ಮಣ್ಣು. ನಾನಿರೋತನಕ ಅದೇ ರುಚಿ ಇರ್ಲಿ, ಸಾಕು."